ದೊಡ್ಡಾಕಿ ಮೈದುಂಬಿದ ಚಳಿಗಾಲ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ದೇವದುರ್ಗದ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಗಂಡನಿಗೆ ಬಜಾರಿನಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು. ಮನೆಮಾತು ದಖನಿ, ಹೊಸ್ತಿಲು ದಾಟಿದರೆ ಕನ್ನಡ. ಓಣಿಯವರು ನಮ್ಮ ಮಕ್ಕಳನ್ನು ದೊಡ್ಡಾಕಿ, ಸಣ್ಣಾಕಿ ಎಂದೇ ಕರೆಯುತ್ತಿದ್ದರು. ದೊಡ್ಡಾಕಿಗೆ ಆರು ತುಂಬಿತ್ತು, ಸಣ್ಣಾಕಿಗೆ ನಾಲ್ಕು.

ರಂಜಾನ್ ಹಬ್ಬದ ಮುಂಚೆ ಬಳೆ ತೊಡಿಸಲು ಹೊಸಬಳೊಬ್ಬಳು ಬಂದಿದ್ದಳು. ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಸಣ್ಣಾಕಿಯ ಕೈ ಹಿಡಿದಳು.

"ಮೊದಲ ಅಕ್ಕಗ ತೊಡಸ್ತೀನ್ರಿ. ತಂಗಿ, ನೀ ತಡಿಬೇ."

"ಅಕ್ಕ ನಾನು," ಎಂದಳು ದೊಡ್ಡಾಕಿ. ಬಳೆಯವಳು ನಕ್ಕಳು. ಯಾರೂ ನಗದಿದ್ದುದನ್ನು ಕಂಡು ಸಣ್ಣಾಕಿಯ ಕೈ ಬಿಟ್ಟಳು. ದೊಡ್ಡಾಕಿಯ ಮಣಿಕಟ್ಟಿಗೆ ಸರಿಹೋಗುವ ಬಳೆ ಹುಡುಕಲು ಅವಳು ತೊಟ್ಟಿಲ ಕೂಸುಗಳ ಗಂಟು ಬಿಚ್ಚಬೇಕಾಯಿತು.

ನನಗೆ ಗೊತ್ತಿಲ್ಲದ್ದೇನನ್ನೂ ಅವಳು ಹೇಳಿರಲಿಲ್ಲ. ದೊಡ್ಡಾಕಿ ಉಣ್ಣುವಾಗ ಹಣೆಯೆಲ್ಲ ಬೆವರುತ್ತಿತ್ತು. ಶಾಲೆಗೆ ನನ್ನ ಜೊತೆ ಬರುವಾಗ ಅರ್ಧ ದಾರಿಯಲ್ಲಿ ಯಾರದಾದರೂ ಕಟ್ಟೆ ಹಿಡಿದು ಕುಕ್ಕರಿಸುತ್ತಿದ್ದಳು. ಚಳಿಗಾಲ ಬಂತೆಂದರೆ ಎದೆಯಲ್ಲಿ ಕಫ, ಜ್ವರ. ಅತ್ತೆಯನ್ನು ಕೇಳಿದರೆ ಒಂದೇ ಮಾತು: "ಹಮಾರೆ ಘರ್ ಕೀ ಹಡ್ಡೀಚ್ ಬಾರೀಕ್." ನಮ್ಮ ಮನೆತನದ ಎಲುಬೇ ಸಣ್ಣದು ಎಂದು. ಗಂಡನೂ ಹಾಗೇ ಅನ್ನುತ್ತಿದ್ದರು. ನಂಬಲು ಸುಲಭವಾದ ಮಾತಾದ್ದರಿಂದ ನಾನೂ ನಂಬಿದ್ದೆ.

ಆ ಮಳೆಗಾಲದಲ್ಲಿ ಜ್ವರ ಬಂದಾಗ ಸರಕಾರಿ ದವಾಖಾನೆಗೆ ಹೋದೆ. ಸಣ್ಣಾಕಿಯೂ ಸೆರಗು ಹಿಡಿದು ಬಂದಿದ್ದಳು. ಧಾರವಾಡದ ಕಡೆಯ ಲೇಡಿ ಡಾಕ್ಟರ್ ಒಬ್ಬರು ಹೊಸದಾಗಿ ಬಂದಿದ್ದರು. ನನಗಿಂತ ಚಿಕ್ಕವರು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕಫ ಕೇಳಿಸಿಕೊಂಡರು. ಆಮೇಲೆ ಎದೆಯ ಎಡಭಾಗಕ್ಕೆ, ಕೊರಳೆಲುಬಿನ ಕೆಳಗೆ ಇಟ್ಟವರು ಅಲ್ಲಿಂದ ಕೈ ತೆಗೆಯಲೇ ಇಲ್ಲ. ಹೊರಗೆ ಗದ್ದಲ ಮಾಡುತ್ತಿದ್ದವರಿಗೆ ಸುಮ್ಮನಿರಲು ಹೇಳಿದರು. ಕಣ್ಣು ಮುಚ್ಚಿಕೊಂಡು ಮತ್ತೆ ಕೇಳಿದರು. ನಂತರ ಮಗುವಿನ ಎರಡೂ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ಟೀಚರ್ರ, ಇಕಿ ವಯಸ್ಸು ಖರೇ ಹೇಳ್ರಿ."

"ಆರು ತುಂಬ್ಯಾವ್ರಿ."

"ಮತ್ತ ಈ ಸಣ್ಣಾಕಿದು?"

"ನಾಕು."

ಇಬ್ಬರನ್ನೂ ಒಬ್ಬೊಬ್ಬರಾಗಿ ತಕ್ಕಡಿಯ ಮೇಲೆ ನಿಲ್ಲಿಸಿದರು. ಸಣ್ಣಾಕಿ ನಿಂತಾಗ ಮುಳ್ಳು ಇನ್ನೂ ಮುಂದೆ ಹೋಯಿತು. ಡಾಕ್ಟರ್ ನನ್ನನ್ನು ಹತ್ತಿರ ಕರೆದು ಸ್ಟೆತಸ್ಕೋಪಿನ ತುದಿಗಳನ್ನು ನನ್ನ ಕಿವಿಗೆ ಇಟ್ಟರು. ಮೊದಲು ಸಣ್ಣಾಕಿಯ ಎದೆ: ಲಬ್ ಡಬ್, ಆಮೇಲೆ ನಿಶ್ಶಬ್ದ, ಮತ್ತೆ ಲಬ್ ಡಬ್. ನಂತರ ದೊಡ್ಡಾಕಿಯ ಎದೆ. ಅಲ್ಲಿ ನಿಶ್ಶಬ್ದವೇ ಇರಲಿಲ್ಲ. ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಗೋಡೆಯ ಪಕ್ಕ ನಡೆದರೆ ಒಳಗಿನ ಯಂತ್ರದ ಮೊರೆತ ಕೇಳುತ್ತದಲ್ಲ, ಹಾಗೆ ಬಿಡದೆ ತಿರುಗುವ ಸದ್ದು. ಆ ಸಣ್ಣ ಎದೆಯೊಳಗೆ ಅಷ್ಟು ದೊಡ್ಡ ಸದ್ದು ಆರು ವರ್ಷದಿಂದ ಇತ್ತು. ಅವಳನ್ನು ಎದೆಗೆ ಅವಚಿಕೊಂಡೇ ಮಲಗುತ್ತಿದ್ದ ನನಗೆ ಗೊತ್ತಿರಲಿಲ್ಲ.

"ಜ್ವರ ಹೋಗ್ತದ್ರಿ," ಎಂದರು ಡಾಕ್ಟರ್. "ನನಗ ಜ್ವರದ ಚಿಂತಿ ಇಲ್ಲ. ರಾಯಚೂರಿಗೆ ಕರಕೊಂಡು ಹೋಗ್ರಿ. ತಡಾ ಮಾಡಬ್ಯಾಡ್ರಿ."

ರಾಯಚೂರಿನ ದೊಡ್ಡ ಡಾಕ್ಟರು ನಿವೃತ್ತಿಯ ಅಂಚಿನಲ್ಲಿದ್ದವರು. ಎಕ್ಸ್‌ರೇ ತೆಗೆಸಿ ಕಿಟಕಿಗೆ ಹಿಡಿದರು. ಪಕ್ಕೆಲುಬುಗಳ ನಡುವೆ ಗುಂಡಿಗೆಯ ಬಿಳಿ ನೆರಳು ಅಗಲವಾಗಿ ಹರಡಿಕೊಂಡಿತ್ತು. ನನ್ನ ಗಂಡ ಅದನ್ನು ನೋಡದೆ ನೆಲ ನೋಡುತ್ತ ನಿಂತಿದ್ದರು.

"ಹೊಟ್ಟ್ಯಾಗಿರೋ ಕೂಸು ಉಸಿರಾಡಂಗಿಲ್ಲ ನೋಡ್ರಿ," ಎಂದು ಡಾಕ್ಟರು ನಿಧಾನವಾಗಿ ಹೇಳಿದರು. "ಅದಕ್ಕ ಗುಂಡಿಗಿ ಮ್ಯಾಲಿನ ಎರಡು ದೊಡ್ಡ ನಾಳದ ನಡುವ ಒಂದು ಸಣ್ಣ ನಾಳ ಇರ್ತದ. ಹುಟ್ಟಿದ ಮ್ಯಾಲ ಅದು ತಾನ ಮುಚ್ಚಬೇಕು. ಇಕೀದು ಮುಚ್ಚಿಲ್ಲ. ಮೈಗೆ ಹೋಗೋ ರಕ್ತ ಹೊಳ್ಳಿ ಪುಪ್ಪಸಕ್ಕ ನುಗ್ಗಾಕತ್ತದ. ಗುಂಡಿಗಿ ಎರಡಾಳಿನ ಕೆಲಸ ಮಾಡಾಕತ್ತದ."

"ಭಾಳ ಉಣ್ಣಸ್ತೀವ್ರಿ. ಆದ್ರೂ ಬೆಳೀವಲ್ಲಳು," ಎಂದೆ.

"ಉಂಡಿದ್ದೆಲ್ಲಾ ಗುಂಡಿಗಿನ ತಿಂದುಬಿಡ್ತದವ್ವಾ. ಮೈಗೆ ಉಳಿಯೋದೇನು?"

ಆ ನಾಳವನ್ನು ಕಟ್ಟಿಹಾಕಬೇಕು, ಅದಕ್ಕೆ ಹೈದರಾಬಾದಿಗೆ ಹೋಗಬೇಕು ಎಂದರು. ಹೋದೆವು. ಅಲ್ಲಿನ ಸರ್ಜನ್ ಮಗುವಿನ ಕಣ್ಣರೆಪ್ಪೆ ಬಿಡಿಸಿ ನೋಡಿ, ಎದೆಯ ಕಫ ಕೇಳಿಸಿಕೊಂಡು, ಈಗ ಆಗುವುದಿಲ್ಲ ಎಂದುಬಿಟ್ಟರು. ರಕ್ತ ತೆಳ್ಳಗಿದೆ, ಮೈಯಲ್ಲಿ ತ್ರಾಣವಿಲ್ಲ, ಟಾನಿಕ್ ಕುಡಿಸಿ, ಚೆನ್ನಾಗಿ ಉಣ್ಣಿಸಿ, ತೂಕ ಬರಲಿ, ಚಳಿಗಾಲ ಕಳೆದ ಮೇಲೆ ಕರೆತನ್ನಿ. ವಾಪಸು ಬರುವ ಬಸ್ಸು ಕೃಷ್ಣೆಯ ಸೇತುವೆ ದಾಟುವಾಗ ನನ್ನ ತಲೆಯಲ್ಲಿ ಆ ಮಾತೇ ಸುತ್ತುತ್ತಿತ್ತು. ಗುಂಡಿಗೆ ಸರಿಯಾಗದೆ ಮೈ ಬೆಳೆಯುವುದಿಲ್ಲ. ಮೈ ಬೆಳೆಯದೆ ಗುಂಡಿಗೆಯನ್ನು ಮುಟ್ಟುವುದಿಲ್ಲ.

ಆದರೂ ಹಟ ಹಿಡಿದು ಉಣ್ಣಿಸಿದೆ. ಹಾಲು, ಮೊಟ್ಟೆ, ಬೆಲ್ಲ ಹಾಕಿದ ಶೇಂಗಾ ಉಂಡಿ, ಅತ್ತೆ ಕುದಿಸುತ್ತಿದ್ದ ಕಾಲುಸೂಪು. ಒಮ್ಮೆಗೇ ಉಂಡರೆ ದಣಿಯುತ್ತಾಳೆಂದು ಅಷ್ಟಷ್ಟೇ, ಹಲವು ಸಲ. ಶಾಲೆಯ ಬಿಡುವಿನಲ್ಲಿ ಕೂಡ ಡಬ್ಬಿ ತೆರೆದು ಬಾಯಿಗಿಡುತ್ತಿದ್ದೆ.

ಆ ಚಳಿಗಾಲದಲ್ಲಿ ನಾವ್ಯಾರೂ ಎಣಿಸದ್ದು ನಡೆಯಿತು. ದೊಡ್ಡಾಕಿಗೆ ಜ್ವರ ಬರಲಿಲ್ಲ. ಕಫ ಕಟ್ಟಲಿಲ್ಲ. ಕೆನ್ನೆ ತುಂಬಿದವು. ಕಟ್ಟೆ ಹಿಡಿದು ಕೂರದೆ ಶಾಲೆಯ ಬಾಗಿಲವರೆಗೂ ನಡೆದಳು. ಒಂದು ಮಧ್ಯಾಹ್ನ ತಂಗಿಯ ಜೊತೆ ಜಗಳವಾಡಿ ಅವಳನ್ನು ನೂಕಿ ಕೆಡವಿದಳು. ಮನೆಯವರೆಲ್ಲ ಬೈಯುವುದು ಬಿಟ್ಟು ನಕ್ಕೆವು. ಅತ್ತೆ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿ ಬಂದರು. ಗಂಡ ಅಂಗಡಿಯಿಂದ ಹೂವಿನ ಚಿತ್ತಾರದ ಬಟ್ಟೆ ತಂದು ಹೊಸ ಫ್ರಾಕು ಹೊಲಿಸಿದರು. ಚೌಕಾಸಿ ಮಾಡುವ ಗಿರಾಕಿಗಳ ಮುಂದೆಯೂ ಅವಳ ಸುದ್ದಿಯೇ. "ನಮ್ಮ ದೊಡ್ಡಾಕಿ ಮೈ ಹಿಡದಾಳ್ರಿ."

ಬಿಸಿಲು ಏರತೊಡಗಿದಾಗ ಹೊಸ ಫ್ರಾಕು ಹಾಕಿ ಲೇಡಿ ಡಾಕ್ಟರ ಬಳಿ ಕರೆದೊಯ್ದೆ. ತಕ್ಕಡಿಯ ಮುಳ್ಳು ನೋಡಿ ಅವರು ಹಿಗ್ಗಿದರು. ಮಗುವಿನ ಗಲ್ಲ ಹಿಂಡಿದರು. ಆಮೇಲೆ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಅವರ ನಗು ಮುಖದಲ್ಲೇ ನಿಂತುಹೋಯಿತು.

"ಈ ಸಲ ನೆಗಡಿ ಕೆಮ್ಮು ಬರಲಿಲ್ಲೇನ್ರಿ?"

"ಒಮ್ಮೀನೂ ಇಲ್ರಿ!"

"ಉಣ್ಣುವಾಗ ಬೆವರು?"

"ಅದೂ ಕಡಿಮಿ ಆಗ್ಯದ್ರಿ."

ನಾನು ಖುಷಿಯಿಂದ ಕೊಡುತ್ತಿದ್ದ ಒಂದೊಂದು ಉತ್ತರಕ್ಕೂ ಅವರ ಮುಖ ಇಳಿಯುತ್ತಿತ್ತು. ನಾನು ಕೇಳದೆಯೇ ಸ್ಟೆತಸ್ಕೋಪನ್ನು ನನ್ನ ಕಿವಿಗಿಟ್ಟರು. ಆ ಮೊರೆತ ಕುಗ್ಗಿತ್ತು. ಒಂದು ಸಲ ಸುಯ್ಯೆಂದು ಎದ್ದು ಕಡಿದುಹೋಗುತ್ತಿತ್ತು. ಅದರ ಬೆನ್ನಿಗೇ ಕದ ಬಡಿದಂತೆ ಗಟ್ಟಿಯಾದ ಒಂದು ಬಡಿತ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

"ಸಪ್ಪಳ ಅರ್ಧ ಆಗ್ಯದಲ್ರಿ!" ಎಂದೆ. "ತಾನ ಮುಚ್ಚಾಕತ್ತದೇನ್ರಿ?"

ಅವರು ಮಗುವಿನ ಫ್ರಾಕಿನ ಗುಂಡಿಗಳನ್ನು ತಾವೇ ಹಾಕಿದರು. "ಟೀಚರ್ರ, ನಾಳೆನ ರಾಯಚೂರಿಗೆ ಹೋಗ್ರಿ. ಯಜಮಾನ್ರನ್ನೂ ಕರಕೊಂಡು ಹೋಗ್ರಿ."

ರಾಯಚೂರಿನ ಡಾಕ್ಟರು ಬಹಳ ಹೊತ್ತು ಕೇಳಿಸಿಕೊಂಡರು. ಹೊಸ ಎಕ್ಸ್‌ರೇ ನೋಡಿದರು. ಆಮೇಲೆ ಮಗುವನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಕೂಡಿಸಿ, ಚಪ್ಪಲಿ ಬಿಚ್ಚಿ, ಅವಳ ಕೈಬೆರಳುಗಳನ್ನು ಕಾಲ್ಬೆರಳುಗಳ ಪಕ್ಕಕ್ಕೆ ತಂದು ಬೆಳಕಿನಲ್ಲಿ ಹೋಲಿಸಿದರು. ಉಗುರು ಒತ್ತಿ ಬಿಟ್ಟರು. ದೊಡ್ಡಾಕಿಗೆ ಕಚಗುಳಿಯಾಗಿ ನಕ್ಕಳು.

"ಕೆಂಪದಾವ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿದರು.

"ಇಷ್ಟು ವರ್ಷ ಜೋರಿಲೆ ರಕ್ತ ನುಗ್ಗಿ ನುಗ್ಗಿ ಪುಪ್ಪಸದ ನಾಳ ಗಟ್ಟಿ ಆಗಾಕತ್ತಾವ. ಅವು ಈಗ ಹೆಚ್ಚಿನ ರಕ್ತ ಒಳಗ ಬಿಡವಲ್ವು. ಅದಕ್ಕ ಸಪ್ಪಳ ಕಡಿಮಿ ಆಗ್ಯದ. ಗುಂಡಿಗಿಗೆ ಸದ್ಯ ಒಜ್ಜಿ ಇಳದಂಗಾಗಿ ಮೈ ಹತ್ಯದ. ಇದು ಗುಣ ಆಗಿದ್ದಲ್ರಿ."

"ಮತ್ತೇನ್ರಿ?" ಎಂದರು ನನ್ನ ಗಂಡ. ಅವರ ದನಿ ಗಡುಸಾಗಿತ್ತು.

"ಹಿಂಗ ಬಿಟ್ರ ಒಂದಿನ ಒತ್ತಡ ಪುಪ್ಪಸದ ಕಡೀನ ಹೆಚ್ಚಾಗ್ತದ. ಕೆಟ್ಟ ರಕ್ತ ಅದ ನಾಳದಾಗ ಹೊಳ್ಳಿ ಮೈಗೆ ಹರೀತದ. ಮೊದಲ ಕಾಲಬೆರಳು ನೀಲಿ ಆಗ್ತಾವ. ಅಷ್ಟು ಆತಂದ್ರ ನಾಳ ಕಟ್ಟಾಕ ಬರಂಗಿಲ್ಲ, ಕಟ್ಟಿದ್ರ ಜೀವಕ್ಕ ಬರ್ತದ. ಈಗಿನ್ನೂ ಹೊತ್ತದ. ಎಷ್ಟದ ಅಂತ ನಾ ಹೇಳಲಾರೆ."

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಬಸ್ಸಿನಲ್ಲಿ ಕುಳಿತ ಮೇಲೆ ಗಂಡ ದಖನಿಯಲ್ಲಿ ಮಾತಾಡಿದರು, ಸುತ್ತಲಿನವರಿಗೆ ತಿಳಿಯದಿರಲೆಂದು ತಗ್ಗಿದ ದನಿಯಲ್ಲಿ. ಮಗು ಸತ್ತಂತೆ ಬಿದ್ದಿದ್ದಾಗ ಆ ಸರ್ಜನ್ ಕೊಯ್ಯಲು ಒಲ್ಲೆ ಎಂದರು. ಈಗ ಆಡುತ್ತಾಳೆ, ಉಣ್ಣುತ್ತಾಳೆ, ಈಗ ಕೊಯ್ಯಬೇಕಂತೆ. ಇದೆಂಥ ವಿದ್ಯೆ? ನಾನು ಕಿವಿಯಲ್ಲಿ ಕೇಳಿದ್ದು, ಅವರು ಕಣ್ಣಲ್ಲಿ ನೋಡುತ್ತಿದ್ದದ್ದು, ಎರಡೂ ಒಂದೇ ಮಗುವಿನಲ್ಲಿದ್ದವು. ಕಲ್ಮಲದಲ್ಲಿ ಬಸ್ಸು ನಿಂತಾಗ ದೊಡ್ಡಾಕಿ ಕಿಟಕಿಯಿಂದ ಕೈ ಚಾಚಿ ಹಸಿ ಕಡಲೆ ಗಿಡದ ಕಟ್ಟು ಬೇಕೆಂದು ಹಟ ಮಾಡಿದಳು. ಗಂಡ ಕೊಡಿಸಿ, "ನೋಡು," ಎಂಬಂತೆ ನನ್ನ ಕಡೆ ನೋಡಿದರು.

ಅತ್ತೆಗೆ ಹೇಳಿದಾಗ ಅವರು ಮಗುವನ್ನು ಸೆರಗಿನೊಳಗೆ ಎಳೆದುಕೊಂಡರು. "ನಕ್ಕೊ ಬೇಟಾ, ಕಾಟ್ನಾ ನಕ್ಕೊ." ಬೇಡಪ್ಪಾ, ಕೊಯ್ಯುವುದು ಬೇಡ.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಒಂದು ಮಗುವಿನ ಪಾದದ ಮೇಲಿತ್ತು. ಸ್ನಾನ ಮಾಡಿಸುವಾಗ ನಾನು ನೋಡುತ್ತಿದ್ದೆ. ಮಲಗಿದ್ದಾಗ ಅತ್ತೆ ನೋಡುತ್ತಿದ್ದರು. ಗಂಡ ಅಂಗಡಿಗೆ ಹೋಗುವ ಮೊದಲು ಚಪ್ಪಲಿ ಹಾಕಿಸುವ ನೆಪ ಮಾಡಿ ಒಂದೊಂದೇ ಉಗುರು ಒತ್ತಿ ನೋಡಿ, "ಕೆಂಪೇ ಇದೆ," ಎಂದು ಹೋಗುತ್ತಿದ್ದರು. ನೀರಿನಲ್ಲಿ ಆಡಿ ಬಂದ ಒಂದು ಬೆಳಿಗ್ಗೆ ಕಾಲು ತಣ್ಣಗಾಗಿ ಬೆರಳ ತುದಿಗಳು ಕಪ್ಪಗೆ ಕಂಡವು. ನಾನು ಸೆರಗಿನಿಂದ ಉಜ್ಜಿದೆ, ಉಜ್ಜಿದೆ. ಮಗು ನೋವೆಂದು ಕೂಗಿತು. ಬಣ್ಣ ಮರಳಿತು.

ಅಂದು ಊಟಕ್ಕೆ ಬಂದ ಗಂಡನಿಗೆ ಹೇಳಿದೆ. "ನೀಲಿಯಾಗುವುದನ್ನು ಕಾಯುತ್ತಿದ್ದೀರಿ ನೀವು. ನೀಲಿಯಾದ ದಿನ ಹೋಗಿ ಏನು ಮಾಡುವುದು? ಕೆಂಪಗಿದೆ, ಅದಕ್ಕೇ ಹೋಗಬೇಕು."

"ಆಪರೇಷನ್ ಮೇಜಿನ ಮೇಲೆಯೇ ಜೀವ ಹೋದರೆ?"

"ಹೋಗಬಹುದು."

"ಅಷ್ಟು ಸಲೀಸಾಗಿ ಹೇಳ್ತೀಯಾ?"

"ಸಲೀಸಾಗಿ ಹೇಳಲಿಲ್ಲ. ಶುಕ್ರವಾರ ನಾನು ಹೊರಡುತ್ತೇನೆ. ಶಾಲೆಗೆ ರಜೆ ಹಾಕಿದ್ದೇನೆ. ನೀವು ಬಂದರೂ ಸರಿ, ಬರದಿದ್ದರೂ ಸರಿ."

ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಅವರು ಎದ್ದುಹೋದರು. ಮದುವೆಯಾದ ಮೇಲೆ ನಾನು ಅವರಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅತ್ತೆ ಒಲೆಯ ಮುಂದೆ ಕುಳಿತೇ ಇದ್ದರು.

ಗುರುವಾರ ಬಟ್ಟೆ ಕಟ್ಟುವಾಗ ಎಕ್ಸ್‌ರೇ ಇದ್ದ ದೊಡ್ಡ ಲಕೋಟೆ ಕಾಣಲಿಲ್ಲ. ಟ್ರಂಕಿನಲ್ಲಿಲ್ಲ, ಮಾಡದಲ್ಲಿಲ್ಲ, ಹಾಸಿಗೆಯ ಕೆಳಗಿಲ್ಲ. ಗಂಡ ಬೆಳಿಗ್ಗೆಯೇ ಸರಕು ತರಲು ಹೋಗುವೆನೆಂದು ಹೇಳಿ ಹೊರಟಿದ್ದರು. ಅವರೇ ಅಡಗಿಸಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಸಿಟ್ಟಿಗೆ ಕಣ್ಣೀರೂ ಬರಲಿಲ್ಲ. ಚಿತ್ರ ಬೇಡ, ಮಗುವಿನ ಎದೆ ಇದೆಯಲ್ಲ, ಯಾರು ಬೇಕಾದರೂ ಕೇಳಲಿ ಎಂದುಕೊಂಡು ಇಬ್ಬರೂ ಮಕ್ಕಳನ್ನು ಕರೆದುಕೊಂಡು ಅಂದೇ ಮಾನ್ವಿಯ ಬಸ್ಸು ಹತ್ತಿದೆ. ಮಾನ್ವಿ ನನ್ನ ತವರು. ಸಣ್ಣಾಕಿಯನ್ನು ಅಮ್ಮನ ಬಳಿ ಬಿಡಬೇಕಿತ್ತು.

ಅಮ್ಮ ಎಲ್ಲ ಕೇಳಿಸಿಕೊಂಡ ಮೇಲೆ ಒಂದೇ ಪ್ರಶ್ನೆ ಕೇಳಿದಳು: "ಒಬ್ಬಳೇ ಹೊರಗೆ ಕುಂತು ಕಾಯೋಕೆ ಆಗುತ್ತಾ ನಿನಗೆ?" ಆಗುತ್ತದೆ ಎಂದೆ. ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಶುಕ್ರವಾರ ಬೆಳಿಗ್ಗೆ ಸಣ್ಣಾಕಿ ಅಕ್ಕನ ಫ್ರಾಕು ಹಿಡಿದು ಬಿಡಲೊಲ್ಲಳು. ಅಮ್ಮ ಅವಳ ಬೆರಳು ಬಿಡಿಸಿ ಎತ್ತಿಕೊಂಡಳು. ಬಸ್ಸು ಮಾನ್ವಿ ದಾಟುವವರೆಗೂ ದೊಡ್ಡಾಕಿ ಹಿಂದಕ್ಕೇ ನೋಡುತ್ತಿದ್ದಳು.

ರಾಯಚೂರು ಬಸ್ ನಿಲ್ದಾಣದಲ್ಲಿ ಇಳಿದಾಗ ಹೈದರಾಬಾದ್ ಬಸ್ಸು ನಿಲ್ಲುವ ಕಡೆ ಕಂಬಕ್ಕೆ ಒರಗಿ ನನ್ನ ಗಂಡ ನಿಂತಿದ್ದರು. ಕಂಕುಳಲ್ಲಿ ಆ ಲಕೋಟೆ. ಗಡ್ಡ ಬೋಳಿಸಿರಲಿಲ್ಲ, ಅಂಗಿ ನಿನ್ನೆಯದೇ. ಮಗು ಓಡಿಹೋಗಿ ಅವರ ಕಾಲು ತಬ್ಬಿತು.

"ನಿನ್ನೆ ಆ ಡಾಕ್ಟರ ಮನೆಗೇ ಹೋಗಿದ್ದೆ," ಎಂದರು. "ನಿನ್ನೆದುರಿಗೆ ಕೇಳೋಕೆ ಧೈರ್ಯವಾಗಿರಲಿಲ್ಲ. ಕೊಯ್ದರೆ ಸಾಯ್ತಾಳಾ ಅಂತ ಕೇಳಿದೆ. ಸಾಯಬಹುದು ಅಂದರು. ಬಿಟ್ಟರೆ ಅಂತ ಕೇಳಿದೆ. ಬಿಟ್ಟರೂ, ಆದರೆ ನಿಧಾನವಾಗಿ, ಹರೆಯಕ್ಕೆ ಬಂದು ಎಲ್ಲಾ ತಿಳಿಯೋ ಹೊತ್ತಿಗೆ ಅಂದರು."

ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದರು.

ಹೈದರಾಬಾದಿನ ಸರ್ಜನ್ ಎದೆ ಕೇಳಿದ ಮೇಲೆ ಈ ಸಲ ತೂಕದ ಮಾತೆತ್ತಲಿಲ್ಲ. ಅಂದೇ ದಾಖಲು ಮಾಡಿಕೊಂಡರು. ಆಪರೇಷನ್ನಿನ ದಿನ ಬೆಳಿಗ್ಗೆ ಒಳಗೆ ಒಯ್ಯುವ ಮುನ್ನ ಅವರು ಉರ್ದುವಿನಲ್ಲಿ ನೇರವಾಗಿ ಹೇಳಿದರು: "ಮೊದಲು ಆ ನಾಳವನ್ನು ಚಿಮಟಿಗೆಯಿಂದ ಹಿಡಿದು ಕಾಯುತ್ತೇನೆ. ಪುಪ್ಪಸದ ಒತ್ತಡ ಇಳಿದರೆ ಕಟ್ಟುತ್ತೇನೆ. ಏರಿದರೆ ಚಿಮಟಿಗೆ ತೆಗೆದು ಹಾಗೇ ಹೊಲಿದು ಕೊಡುತ್ತೇನೆ. ಆಮೇಲೆ ನನ್ನನ್ನು ಏನೂ ಕೇಳಬೇಡಿ." ದೊಡ್ಡಾಕಿ ಅಳಲಿಲ್ಲ. "ಅಮ್ಮಿ, ಸೂಯಿ ನೈ ಮಾರ್ತೇ ನಾ?" ಎಂದು ತೊದಲಿದಳು, ಸೂಜಿ ಚುಚ್ಚುವುದಿಲ್ಲ ತಾನೇ ಎಂದು. ಆಗಲೇ ನಿದ್ದೆಯ ಮದ್ದು ಏರುತ್ತಿತ್ತು. ಬಾಗಿಲು ಮುಚ್ಚಿತು.

ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಗಂಡನ ತುಟಿ ಅಲುಗುತ್ತಿತ್ತು, ದುವಾ ಮಾಡುತ್ತಿದ್ದರು. ನನಗೆ ಒಂದು ದುವಾವೂ ನೆನಪಿಗೆ ಬರಲಿಲ್ಲ. ಬಾಗಿಲು ಬೇಗ ತೆರೆದರೆ ಕೆಟ್ಟದ್ದು, ಕಟ್ಟದೆ ಹೊಲಿದಿದ್ದಾರೆಂದು ಅರ್ಥ. ತಡವಾಗಿ ತೆರೆದರೆ ಅದೂ ಕೆಟ್ಟದ್ದಿರಬಹುದು. ಒಬ್ಬ ನರ್ಸ್ ಹೊರಬಂದು ನಮ್ಮನ್ನು ನೋಡದೆ ಹೋದಳು. ಮತ್ತೆ ಒಳಗೆ ಹೋದಳು. ಗಂಡ ನನ್ನ ಕೈ ಹಿಡಿದರು, ಅಷ್ಟು ಜನರೆದುರು.

ಸರ್ಜನ್ ಬಂದಾಗ ಮುಖದ ಬಟ್ಟೆ ಕೆಳಗೆಳೆದು, ಕುಡಿಯಲು ನೀರು ತರಿಸಿಕೊಂಡರು. ಇಡೀ ಲೋಟ ಕುಡಿದು ಮುಗಿಸಿದರು.

"ಇಳಿಯಿತು," ಎಂದರು. "ಚಿಮಟಿಗೆ ಹಾಕಿದೊಡನೆ ಇಳಿಯಲಿಲ್ಲ. ನಾನು ಆಸೆ ಬಿಟ್ಟಿದ್ದೆ. ಆಮೇಲೆ ಇಳಿಯಿತು. ಕಟ್ಟಿದ್ದೇನೆ. ಮುಂದಿನ ವರ್ಷ ಬಂದಿದ್ದರೆ ಕಟ್ಟುತ್ತಿರಲಿಲ್ಲ."

ನನ್ನ ಗಂಡ ಅವರ ಎರಡೂ ಕೈ ಹಿಡಿದುಕೊಂಡರು.

ಎಲ್ಲವೂ ಅಲ್ಲಿಗೇ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಎಡ ಪಕ್ಕೆಯ ಗಾಯ ಮಾಯುವಾಗ ಅವಳು ಬಾಗಿ ನಡೆಯುತ್ತಿದ್ದಳು. ಎದೆಯ ಮೊರೆತ ನಿಂತಿತ್ತು. ಆದರೆ ಆ ಗಟ್ಟಿ ಬಡಿತ ಮೆತ್ತಗಾಗಲು ವರ್ಷಗಳು ಬೇಕಾದವು. ಅಲ್ಲಿಯವರೆಗೂ ರಾಯಚೂರಿನ ಡಾಕ್ಟರು ಪ್ರತಿ ಸಲ ಕೇಳಿಸಿಕೊಂಡು, "ಇನ್ನ ಅದ, ಕಡಿಮಿ ಆಗ್ಯದ," ಎನ್ನುವವರೆಗೆ ನಾನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಅವಳು ತೂಕ ಏರಿದರೆ ಮನೆಯವರು ಸಂತೋಷಪಡುತ್ತಿದ್ದರು. ನನಗೆ ಮಾತ್ರ ಭಯವಾಗುತ್ತಿತ್ತು. ಒಮ್ಮೆ ಹಾಗೆಂದು ಹೇಳಿದೆ. ಡಾಕ್ಟರು ನಗಲಿಲ್ಲ. "ಆ ಬೆಳವಣಿಗಿ ಬ್ಯಾರೆ, ಈ ಬೆಳವಣಿಗಿ ಬ್ಯಾರೆವ್ವಾ. ಆಗ ಬರೇ ತೂಕ ಬಂದಿತ್ತು. ಈಗ ನೋಡು, ಎತ್ತರ ಬರಾಕತ್ತಾಳ, ಗುಂಡಿಗಿ ನೆರಳು ಸಣ್ಣದಾಗಾಕತ್ತದ. ಒಂದು ಬೆಳೀಬೇಕು, ಒಂದು ಕುಗ್ಗಬೇಕು." ಅವರ ಮಾತನ್ನು ತಲೆ ಒಪ್ಪಿತು. ಉಳಿದ ಮೈ ಒಪ್ಪಲು ಬಹಳ ಕಾಲ ಹಿಡಿಯಿತು.

ಎಂಬತ್ತರ ದಶಕದ ಕೊನೆಗೆ ದೊಡ್ಡಾಕಿ ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದಳು. ತಂಗಿಗಿಂತ ತುಸು ಗಿಡ್ಡ, ಆದರೆ ಮಾತಿನಲ್ಲಿ ಯಾರಿಗೂ ಬಗ್ಗುತ್ತಿರಲಿಲ್ಲ. ಒಮ್ಮೆ ದೇವದುರ್ಗದಲ್ಲಿ ಅವಳನ್ನು ಬಸ್ಸಿಗೆ ಬಿಡಲು ಹೋಗಿದ್ದೆ. ನಾವು ನಿಲ್ದಾಣ ಮುಟ್ಟುವಷ್ಟರಲ್ಲಿ ಬಸ್ಸು ಹೊರಟಿತ್ತು. ಅವಳು ನನ್ನ ಕೈಯಿಂದ ಚೀಲ ಕಸಿದುಕೊಂಡು ಓಡಿದಳು.

"ಓಡಬ್ಯಾಡ! ಲೇ, ಓಡಬ್ಯಾಡ!" ಎಂದು ಕೂಗಿದೆ. ಇಡೀ ನಿಲ್ದಾಣ ತಿರುಗಿ ನೋಡಿತು. ಯಾರೋ ಬಸ್ಸಿನ ತಗಡು ಬಡಿದರು, ಬಸ್ಸು ನಿಧಾನವಾಯಿತು, ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿಬಿಟ್ಟಳು. ಅಲ್ಲಿಂದಲೇ ತಿರುಗಿ ಸಿಟ್ಟಿನಿಂದ ನನ್ನನ್ನು ನೋಡಿದಳು, ಎಲ್ಲರೆದುರು ಹೀಗೆ ಕೂಗಿ ಮಾನ ಕಳೆಯುತ್ತೀಯಲ್ಲ ಎಂಬಂತೆ. ಧೂಳಿನಲ್ಲಿ ಬಸ್ಸು ಮರೆಯಾಯಿತು. ನಾನು ಪಕ್ಕದ ಕಲ್ಲುಕಟ್ಟೆಯ ಮೇಲೆ ಕುಳಿತು, ನನ್ನ ಉಸಿರು ತಹಬದಿಗೆ ಬಂದ ಮೇಲೆ ಎದ್ದು ಶಾಲೆಗೆ ನಡೆದೆ.